ಪ್ರೊಸೆಸರ್ ಹೆಗಲೇರಿದ ಮೋಡೆಮ್

ದೂರವಾಣಿ ತಂತಿಯನ್ನು ಎಳೆದದ್ದು ಮಾತಿಗಾಗಿ. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಅದರಲ್ಲಿ ನೆಟ್ಟಗೆ ಸಾಗುತ್ತದೆ. ಇಷ್ಟು ಇಕ್ಕಟ್ಟಿನ ದಾರಿಯಲ್ಲಿ 1996ರ ವೇಳೆಗೆ ಮೋಡೆಮ್‌ಗಳು, ಅಂದರೆ ಕಂಪ್ಯೂಟರಿನ ಮಾಹಿತಿಯನ್ನು ದೂರವಾಣಿ ತಂತಿಯ ಅಲೆಗಳಾಗಿ ಕಳಿಸಿ ಪಡೆಯುವ ಸಾಧನಗಳು, ಸೆಕೆಂಡಿಗೆ 33,600 ಬಿಟ್‌ಗಳನ್ನು ಸಾಗಿಸುತ್ತಿದ್ದವು. ಎಂಜಿನಿಯರಿಂಗ್‌ನ ದೊಡ್ಡ ಸಾಧನೆಗಳಲ್ಲಿ ಇದನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಮೋಡೆಮ್ ಒಂದು ಅಲೆಯ ಎತ್ತರವನ್ನೂ ಹಂತವನ್ನೂ (ಫೇಸ್) ಒಟ್ಟಿಗೆ ಬದಲಿಸಿ, ಪ್ರತಿ ಬದಲಾವಣೆಯಲ್ಲಿ ಹಲವು ಬಿಟ್‌ಗಳನ್ನು ತುಂಬುತ್ತದೆ. ಕಷ್ಟವೆಲ್ಲ ಕೇಳಿಸಿಕೊಳ್ಳುವ ಕಡೆಗಿದೆ. ತಂತಿ ಅಲೆಯನ್ನು ವಿರೂಪಗೊಳಿಸಿರುತ್ತದೆ, ಅದನ್ನು ತಿದ್ದಬೇಕು. ಹೋಗುವ ಸಂಕೇತಕ್ಕೂ ಬರುವ ಸಂಕೇತಕ್ಕೂ ಅದೇ ಜೋಡಿ ತಂತಿಯಾದ್ದರಿಂದ ತಾನು ಕಳಿಸಿದ್ದೇ ಪ್ರತಿಧ್ವನಿಯಾಗಿ ಮರಳುತ್ತದೆ, ಅದನ್ನು ಕಳೆಯಬೇಕು. ಈ ಎರಡೂ ಕೆಲಸಗಳ ತಿರುಳು ಒಂದೇ: ಅಲೆಯನ್ನು ಮತ್ತೆ ಮತ್ತೆ ಅಳೆದು ಪಡೆದ ಅಂಕಿಗಳಲ್ಲಿ, ಅಂದರೆ ಮಾದರಿಗಳಲ್ಲಿ, ಈಚಿನ ಕೆಲವನ್ನು ಒಂದೊಂದು ಗುಣಾಂಕದಿಂದ ಗುಣಿಸಿ ಕೂಡುವುದು. ಗುಣಿಸಿ ಕೂಡುವುದರಲ್ಲೇ ಪಳಗಿದ ಡಿಎಸ್‌ಪಿ ಎಂಬ ಚಿಪ್ ಹಳೆಯ ಮೋಡೆಮ್‌ಗಳಲ್ಲಿ ಇರುತ್ತಿತ್ತು.

1990ರ ದಶಕದ ಕೊನೆಯಲ್ಲಿ ತಯಾರಕರು ಆ ಚಿಪ್ಪನ್ನೇ ತೆಗೆದುಹಾಕಿದರು. ಕಾರ್ಡಿನಲ್ಲಿ ಉಳಿದದ್ದು ಅಲೆಯನ್ನು ಅಂಕಿಯಾಗಿ, ಅಂಕಿಯನ್ನು ಅಲೆಯಾಗಿ ಮಾಡುವ ಭಾಗ ಮತ್ತು ತಂತಿಯ ಜೋಡಣೆ. ಮಿಕ್ಕ ಲೆಕ್ಕವೆಲ್ಲ ಕಂಪ್ಯೂಟರಿನ ಪ್ರೊಸೆಸರ್ ಪಾಲಾಯಿತು. (ಹೀಗೆ ವಿಂಡೋಸನ್ನು ನೆಚ್ಚಿಕೊಂಡು ವಿನ್‌ಮೋಡೆಮ್ ಎನಿಸಿಕೊಂಡ ಎಲ್ಲವೂ ಇಷ್ಟು ಬರಿದಾಗಿರಲಿಲ್ಲ. ಕೆಲವು ಡಿಎಸ್‌ಪಿಯನ್ನು ಉಳಿಸಿಕೊಂಡು ನಿಯಂತ್ರಣದ ಕೆಲಸವನ್ನಷ್ಟೇ ವಿಂಡೋಸ್‌ಗೆ ಒಪ್ಪಿಸಿದ್ದವು.) ಬೆಲೆ ಇಳಿಯಿತು.

ಪ್ರೊಸೆಸರ್‌ಗೆ ಇದು ಭಾರವಾಗಿತ್ತೇ? ಸೆಕೆಂಡಿಗೆ 8,000 ಮಾದರಿಗಳು ಬರುತ್ತವೆ ಎಂದುಕೊಳ್ಳಿ. ನೂರು ಗುಣಾಂಕಗಳಿಂದ ಹೀಗೆ ಗುಣಿಸಿ ಕೂಡುವ ಒಂದು ಫಿಲ್ಟರ್‌ಗೆ ಸೆಕೆಂಡಿಗೆ 8 ಲಕ್ಷ ಗುಣಾಕಾರಗಳು ಬೇಕು. 233 ಮೆಗಾಹರ್ಟ್ಸ್ ಪೆಂಟಿಯಮ್‌ನಲ್ಲಿ ಎರಡು ಮಾದರಿಗಳ ನಡುವೆ 29,000ಕ್ಕೂ ಹೆಚ್ಚು ಗಡಿಯಾರ ಮಿಡಿತಗಳು ಸಿಗುತ್ತವೆ. ಜೊತೆಗೆ 1997ರ ಜನವರಿಯಲ್ಲಿ ಇಂಟೆಲ್ ಎಂಎಂಎಕ್ಸ್ ಪೆಂಟಿಯಮ್ ತಂದಿತು. ಅದರ 57 ಹೊಸ ಆದೇಶಗಳಲ್ಲಿ ಒಂದು, 16 ಬಿಟ್‌ನ ನಾಲ್ಕು ಜೋಡಿ ಅಂಕಿಗಳನ್ನು ಒಂದೇ ಏಟಿಗೆ ಗುಣಿಸಿ, ಅಕ್ಕಪಕ್ಕದ ಗುಣಲಬ್ಧಗಳನ್ನು ಕೂಡಿಯೂ ಕೊಡುತ್ತಿತ್ತು. ಡಿಎಸ್‌ಪಿಯ ಕಸುಬು ಸಾಮಾನ್ಯ ಪ್ರೊಸೆಸರ್‌ಗೂ ಬಂದಂತಾಯಿತು.

ಶಕ್ತಿ ಸಾಲದೆ ಬಂದ ತೊಡಕಿಗಿಂತ ಹೊತ್ತು ತಪ್ಪಿ ಬಂದ ತೊಡಕೇ ಹೆಚ್ಚು. ತಂತಿಯಿಂದ ಬರುವ ಮಾದರಿಗಳು ಯಾರಿಗೂ ಕಾಯುವುದಿಲ್ಲ. ಆದರೆ ಅಂದಿನ ವಿಂಡೋಸ್‌ನಲ್ಲಿ ಬೇರೊಂದು ಡ್ರೈವರ್ (ಒಂದು ಸಾಧನವನ್ನು ನಡೆಸುವ ತಂತ್ರಾಂಶ) ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹಿಡಿದಿಟ್ಟುಕೊಳ್ಳಬಹುದಿತ್ತು. ಹತ್ತು ಮಿಲಿಸೆಕೆಂಡಿಗೆ 80 ಮಾದರಿಗಳು ಬಂದು ಬೀಳುತ್ತವೆ. ಅವನ್ನು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಕೂಡಿಡಬಹುದು, ಆದರೆ ಬಫರ್ ತುಂಬಿ ಒಂದಿಷ್ಟು ಕಳೆದುಹೋದರೆ ಪ್ರತಿಧ್ವನಿ ಕಳೆಯುವ ಲೆಕ್ಕದ ತಾಳ ತಪ್ಪುತ್ತದೆ. ಯಾವಾಗ ಕಳಿಸಿದ್ದು ಯಾವಾಗ ಮರಳುತ್ತದೆ ಎಂಬ ಅಂದಾಜೇ ಅದರ ಆಧಾರ. ಆಗ ಎರಡೂ ಕಡೆಯ ಮೋಡೆಮ್‌ಗಳು ಮೊದಲಿನಿಂದ ಹೊಂದಾಣಿಕೆ ಮಾಡಿಕೊಳ್ಳಬೇಕು, ಇಲ್ಲವೇ ಸಂಪರ್ಕ ಕಡಿಯುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಪಟ್ಟ ಪಾಡು ಬೇರೆ. ಮೋಡೆಮ್‌ನ ಜೀವವೇ ಡ್ರೈವರ್‌ನಲ್ಲಿದ್ದು, ಆ ಡ್ರೈವರ್ ವಿಂಡೋಸ್‌ಗೆ ಮಾತ್ರ ಇದ್ದರೆ, ದುಡ್ಡು ಕೊಟ್ಟು ತಂದ ಕಾರ್ಡು ನಿಷ್ಪ್ರಯೋಜಕ. ಯಂತ್ರದ ಅರ್ಧ ಭಾಗ ತಂತ್ರಾಂಶವಾಗಿರುವಾಗ ಅದರ ವಿವರಗಳನ್ನು ಮುಚ್ಚಿಡುವುದು ಕೊಂಡವರಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಇಂದು ಮೊಬೈಲ್ ಗೋಪುರಗಳ ಸಂಕೇತ ಸಂಸ್ಕರಣೆ ಸಾಮಾನ್ಯ ಸರ್ವರ್‌ಗಳಲ್ಲಿ ತಂತ್ರಾಂಶವಾಗಿ ನಡೆಯತೊಡಗಿದೆ. ದೋಷ ತಿದ್ದುವಂಥ ಭಾರದ ಲೆಕ್ಕಕ್ಕೆ ಮಾತ್ರ ಪ್ರತ್ಯೇಕ ವೇಗವರ್ಧಕ ಚಿಪ್ಪುಗಳನ್ನು ಹಲವೆಡೆ ಬಳಸುತ್ತಾರೆ. ನಮ್ಮ ಕೈಯಲ್ಲಿರುವ ಫೋನು ಮಾತ್ರ ಆ ದಾರಿ ಹಿಡಿದಿಲ್ಲ. ಅದರ ಮೋಡೆಮ್‌ಗೆ ಈಗಲೂ ತನ್ನದೇ ಡಿಎಸ್‌ಪಿ ಇದೆ, ಏಕೆಂದರೆ ಅದೇ ಲೆಕ್ಕವನ್ನು ಮುಖ್ಯ ಪ್ರೊಸೆಸರ್ ಮಾಡಿದರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ.