ಡಬಲ್ ಎಕ್ಸ್‌ಪೊನೆನ್ಷಿಯಲ್: ಯಾವ ಪ್ರಶ್ನೆಗೆ?

ಬಹುಪದೋಕ್ತಿ ಸಮೀಕರಣಗಳ ಮಾತು ಬಂದರೆ ಸಾಕು, "ಅದು ಡಬಲ್ ಎಕ್ಸ್‌ಪೊನೆನ್ಷಿಯಲ್, ಬಿಡಿಸೋಕಾಗಲ್ಲ" ಎಂದು ಯಾರಾದರೂ ಬರೆದೇಬಿಡುತ್ತಾರೆ. ಇದನ್ನು ಇನ್ನೆಷ್ಟು ಸಲ ಓದಬೇಕೋ! ಆ ಫಲಿತಾಂಶ ನಿಜ. ಆದರೆ ಅದು ಬೇರೊಂದು ಪ್ರಶ್ನೆಗೆ ಸೇರಿದ್ದು.

n ಅಂದರೆ ಚರಾಕ್ಷರಗಳ ಸಂಖ್ಯೆ ಅನ್ನಿ. ಕೆಲಸ 2ರ ಘಾತ n ಆಗಿ ಬೆಳೆದರೆ ಎಕ್ಸ್‌ಪೊನೆನ್ಷಿಯಲ್. ಆ ಘಾತದ ಜಾಗದಲ್ಲೇ ಮತ್ತೊಂದು "2ರ ಘಾತ n" ಕೂತರೆ ಡಬಲ್. n 10 ಇದ್ದಾಗ ಮೊದಲನೆಯದು 1024. ಎರಡನೆಯದು 309 ಅಂಕಿಗಳ ಸಂಖ್ಯೆ. ಎರಡನ್ನೂ ಸುಮ್ನೆ "ತುಂಬಾ ನಿಧಾನ" ಅಂದುಬಿಟ್ಟರೆ ಹೇಗೆ?

ಈ ಡಬಲ್ ಬಂದದ್ದು 1982ರಲ್ಲಿ, ಮಾಯರ್ ಮತ್ತು ಮೈಯರ್ ಅವರಿಂದ. ಅವರು ಹಿಡಿದ ಪ್ರಶ್ನೆ ಇದು: ಕೈಯಲ್ಲಿರುವ ಬಹುಪದೋಕ್ತಿಗಳನ್ನು ಬೇಕಾದ ಬಹುಪದೋಕ್ತಿಗಳಿಂದ ಗುಣಿಸಿ, ಕೂಡಿಸಿ, ಕೊಟ್ಟ ಇನ್ನೊಂದು ಬಹುಪದೋಕ್ತಿ f ಅನ್ನು ಪಡೆಯಬಹುದೇ? ಗುಣಿಸುವ ಬಹುಪದೋಕ್ತಿಗಳ ಡಿಗ್ರಿ ಅಷ್ಟೊಂದು ಬೆಳೆಯುವ ಉದಾಹರಣೆಗಳನ್ನು ಅವರು ಬೇಕೆಂದೇ ಕಟ್ಟಿದರು. 1965ರ ಬುಕ್‌ಬೆರ್ಗರ್ ಅಲ್ಗಾರಿದಂ, ಅಂದರೆ ಗ್ರೋಬ್ನರ್ ಬೇಸಿಸ್ (ಅದೇ ಪರಿಹಾರಗಳಿರುವ, ಲೆಕ್ಕಕ್ಕೆ ಅನುಕೂಲವಾದ ಬಹುಪದೋಕ್ತಿಗಳ ಗುಂಪು) ಲೆಕ್ಕ, ಇಂಥಲ್ಲೇ ಸಿಕ್ಕಿಬೀಳುತ್ತದೆ.

ಸಮೀಕರಣಗಳಿಗೆ ಸಂಕೀರ್ಣ ಸಂಖ್ಯೆಗಳಲ್ಲಿ ಪರಿಹಾರ ಇದೆಯೇ ಎಂದು ನೋಡಲು ಎಲ್ಲ f ಬೇಡ. f ಜಾಗದಲ್ಲಿ 1 ಇಟ್ಟರೆ ಸಾಕು: 1 ಸಿಕ್ಕರೆ ಪರಿಹಾರ ಇಲ್ಲ, ಸಿಗದಿದ್ದರೆ ಇದೆ. ಇದು ಹಿಲ್ಬರ್ಟ್ ಪ್ರಮೇಯ. ಡಿಗ್ರಿ d (3 ಅಥವಾ ಜಾಸ್ತಿ) ಇದ್ದಾಗ, 1 ಪಡೆಯಲು d ಯ ಘಾತ n ವರೆಗಿನ ಡಿಗ್ರಿ ಸಾಕೆಂದು ಕೊಲ್ಲಾರ್ 1988ರಲ್ಲಿ ತೋರಿಸಿದರು. ಅಲ್ಲಿಗೆ ಒಂದು ಮಹಡಿ ಪೂರ್ತಿ ಇಳಿದಂತಾಯಿತು. ಪರಿಹಾರಗಳ ಸಂಖ್ಯೆ ಸೀಮಿತವಾಗಿದ್ದರೆ ಅವನ್ನು ಹುಡುಕುವುದೂ ಒಂಟಿ ಎಕ್ಸ್‌ಪೊನೆನ್ಷಿಯಲ್ಲೇ.

ಒಂಟಿ ಅಂದಮಾತ್ರಕ್ಕೆ ಸಲೀಸು ಅಂತಲ್ಲ. 30 ಚರಾಕ್ಷರ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ x² − x = 0 ಬರೆಯಿರಿ. ಪ್ರತಿ x ಗೆ 0 ಅಥವಾ 1. ಒಟ್ಟು ಪರಿಹಾರ 107 ಕೋಟಿಗೂ ಜಾಸ್ತಿ. ಈ ಸಮೀಕರಣಗಳು ಇದ್ದ ಹಾಗೇ ಗ್ರೋಬ್ನರ್ ಬೇಸಿಸ್, ಅಲ್ಗಾರಿದಂಗೆ ಮಾಡಲು ಏನೂ ಉಳಿದಿಲ್ಲ. ಖರ್ಚೆಲ್ಲ ಪಟ್ಟಿ ಬರೆಯುವುದರಲ್ಲಿ. ಒಂದೇ ಪರಿಹಾರ ಸಾಕು ಅಂದರೆ ಎಲ್ಲಕ್ಕೂ 0 ಹಾಕಿದರೆ ಮುಗೀತು. ಆದರೆ ಇದಕ್ಕೆ x(1 − y)z = 0, (1 − x)(1 − y)(1 − z) = 0 ಥರದ ಶರತ್ತುಗಳನ್ನು ಬೇಕಾದಷ್ಟು ಸೇರಿಸುತ್ತಾ ಹೋಗಲು ಬಿಟ್ಟರೆ, ಆ ಒಂದನ್ನು ಹುಡುಕುವುದೇ ಎನ್‌ಪಿ-ಹಾರ್ಡ್, ಅಂದರೆ ಯಾವಾಗಲೂ ವೇಗವಾಗಿ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಪ್ರಶ್ನೆ.

ಇದೂ ವರ್ಸ್ಟ್ ಕೇಸ್, ಅಂದರೆ ಅತಿ ಕಷ್ಟದ ಉದಾಹರಣೆಯ ಲೆಕ್ಕವೇ. n ಚರಾಕ್ಷರ, n ಸಮೀಕರಣ, ಸಹಗುಣಕಗಳು ಯಾದೃಚ್ಛಿಕ. ಒಂದು ಅಂದಾಜು ಮೂಲ ಸಾಕು ಅನ್ನಿ. ಇದು ಗಣಿತಜ್ಞ ಸ್ಮೇಲ್ ಕೊಟ್ಟ ಪ್ರಶ್ನೆಗಳ ಪಟ್ಟಿಯಲ್ಲಿ 17ನೆಯದು. ಇದಕ್ಕೆ ಸರಾಸರಿಯಲ್ಲಿ ಪಾಲಿನಾಮಿಯಲ್ ಸಮಯ (ಎಕ್ಸ್‌ಪೊನೆನ್ಷಿಯಲ್‌ಗಿಂತ ಎಷ್ಟೋ ನಿಧಾನವಾಗಿ ಬೆಳೆಯುವಂಥದ್ದು) ಸಾಕು ಎಂದು 2017ರಲ್ಲಿ ಲೆರೇಜ್ ತೋರಿಸಿದರು, ಅದೂ ಅದೃಷ್ಟದ ಆಯ್ಕೆ ಬೇಡದ ಅಲ್ಗಾರಿದಂನಿಂದ.