ಬುಟ್ಟಿಯ ತಳದ ಬೆಸ ಸಂಖ್ಯೆ

ಬುಟ್ಟಿ ಹೆಣೆಯಲು ಮೊದಲು ತಳದಲ್ಲಿ ಸೀಳುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡಬೇಕು. 8 ಸೀಳು ಇಟ್ಟರೆ ಸುತ್ತ 16 ತುದಿಗಳು. ಈ ತುದಿಗಳೇ ಹೆಣಿಗೆಯ ಕಡ್ಡಿಗಳು. ಪ್ರತಿ ಸೀಳಿಗೂ ಎರಡು ತುದಿ ತಾನೇ, ಹಾಗಾಗಿ ಎಷ್ಟೇ ಇಟ್ಟರೂ ಲೆಕ್ಕ ಸಮಸಂಖ್ಯೆಗೇ ನಿಲ್ಲುತ್ತದೆ. ಪಜೀತಿ ಇರುವುದು ಇಲ್ಲೇ.

ಒಂದೇ ಬಳ್ಳಿಯನ್ನು ಒಂದು ಕಡ್ಡಿಯ ಹೊರಗೆ, ಮುಂದಿನದರ ಒಳಗೆ ಹಾಯಿಸುತ್ತಾ ಸುತ್ತು ಹಾಕಿ. 16 ಕಡ್ಡಿ ದಾಟಿ ಮೊದಲನೆಯದಕ್ಕೆ ಬಂದರೆ ಬಳ್ಳಿ ಮತ್ತೆ ಹೊರಗೇ ಹೋಗುತ್ತದೆ. ಎರಡನೇ ಸುತ್ತು ಮೊದಲನೆಯದರ ನಕಲು. ಯಾವ ಕಡ್ಡಿಯೂ ಎರಡೂ ಕಡೆಯಿಂದ ಬಿಗಿಯಾಗುವುದಿಲ್ಲ, ಹೆಣಿಗೆ ಕೂರುವುದಿಲ್ಲ. ಅದಕ್ಕೇ ಒಂದು ತುದಿಯನ್ನು ಸೀಳಿ ಎರಡು ಮಾಡುತ್ತಾರೆ. ಈಗ 17. ಎರಡನೇ ಸುತ್ತಿನಲ್ಲಿ ಹೊರಗಿದ್ದದ್ದು ಒಳಗೆ, ಒಳಗಿದ್ದದ್ದು ಹೊರಗೆ. ಕಡ್ಡಿ ಸೀಳಲು ಮನಸ್ಸಿಲ್ಲದವರು ಎರಡು ಬಳ್ಳಿಗಳನ್ನು ಒಂದರ ಹಿಂದೊಂದು ಓಡಿಸಿಯೂ ಕೆಲಸ ಮುಗಿಸಬಹುದು. ಶಾಲೆಯ ಗಣಿತ ಪಠ್ಯದಲ್ಲಿ ‘2ರಿಂದ ಭಾಗಿಸಿದಾಗ ಉಳಿಯುವ ಶೇಷ’ ಎಂದು ಬರುವುದು ಇದೇ ಅಲ್ವಾ?

ಉಡುಪಿ, ಮಂಗಳೂರು ಕಡೆ ಬುಟ್ಟಿ ಹೆಣೆಯುವುದು ಅಂದರೆ ಕೊರಗರ ನೆನಪಾಗುತ್ತದೆ. ಬಿದಿರು, ಕಾಡುಬಳ್ಳಿಗಳಿಂದ ಕುಡ್ಪು (ಬುಟ್ಟಿ), ತಡ್ಪೆ (ಮೊರ) ಮಾಡಿಕೊಂಡು ಬಂದವರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವ ಎರಡರಲ್ಲಿ ಒಂದು ಕೊರಗರದು, ಇನ್ನೊಂದು ಜೇನುಕುರುಬರದು. ಕೊರಗರ ಮಕ್ಕಳಿಗೆ ಮನೆಯಲ್ಲಿ ಕೊರಗ ಭಾಷೆ ಅಥವಾ ತುಳು, ಶಾಲೆಯಲ್ಲಿ ಕನ್ನಡ. ‘ಒಬ್ಬ ವ್ಯಾಪಾರಿ ಶೇಕಡ 20 ಲಾಭಕ್ಕೆ ಮಾರಿದರೆ’ ಎಂಬ ಲೆಕ್ಕದಲ್ಲಿ ಮಗು ಎಡವಿದರೆ, ಎಡವಿದ್ದು ಲೆಕ್ಕದಲ್ಲೋ ಭಾಷೆಯಲ್ಲೋ ಎಂದು ನಾವು ಕೇಳುವುದೇ ಕಮ್ಮಿ.

ಬ್ರೆಜಿಲ್‌ನ ಗಣಿತಜ್ಞ ಉಬಿರಾಟಾನ್ ಡಿ ಆಂಬ್ರೋಸಿಯೊ ಜನರ ಕೆಲಸದೊಳಗಿನ ಇಂಥ ಗಣಿತಕ್ಕೆ ‘ಎಥ್ನೋಮ್ಯಾಥಮ್ಯಾಟಿಕ್ಸ್’ ಎಂದು ಹೆಸರಿಟ್ಟರು. ಮೊಜಾಂಬಿಕ್‌ನಲ್ಲಿ ಪೌಲುಸ್ ಗೆರ್ಡೆಸ್ ಬುಟ್ಟಿಗಳ ಹೆಣಿಗೆಯನ್ನೇ ಹಿಡಿದು ಜ್ಯಾಮಿತಿ ಬಿಡಿಸಿದರು. ನನಗೆ ಇವೆಲ್ಲಕ್ಕಿಂತ ಇಷ್ಟವಾಗಿದ್ದು ಅಲಾಸ್ಕಾದ ಕಾಕ್ಟೋವಿಕ್ ಎಂಬ ಪುಟ್ಟ ಊರಿನ ಸಂಗತಿ. ಅಲ್ಲಿನ ಇನುಪಿಯಾಕ್ ಭಾಷೆಯಲ್ಲಿ ಎಣಿಕೆ 20ರ ಗುಂಪಿನಲ್ಲಿ ನಡೆಯುತ್ತದೆ, ಅದರೊಳಗೆ 5ರ ಗುಂಪು. ನಾವು ಬಳಸುವ ಹತ್ತರ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. 1994ರಲ್ಲಿ ಶಾಲೆಯ ಮಕ್ಕಳೇ ಕೂತು ಹೊಸ ಅಂಕಿಗಳನ್ನು ಮಾಡಿದರು. 7 ಅಂದರೆ ಮೇಲೆ ಐದಕ್ಕೊಂದು ಗೀಟು, ಕೆಳಗೆ ಎರಡು ಗೀಟು. ಎಷ್ಟೋ ಕೂಡುವ ಲೆಕ್ಕಗಳಲ್ಲಿ ಗೀಟುಗಳನ್ನು ಒಟ್ಟು ಸೇರಿಸಿದರೆ ಸಾಕು, ಉತ್ತರ ಕಣ್ಣಿಗೇ ಕಾಣುತ್ತದೆ. 2022ರಲ್ಲಿ ಈ ಅಂಕಿಗಳು ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಾದ ಯುನಿಕೋಡ್‌ಗೂ ಸೇರಿದವು. ಅಲ್ಲಿ ಮಕ್ಕಳಿಗೆ ‘ನಿಮ್ಮ ಸಂಸ್ಕೃತಿ ಇದು’ ಎಂದು ಬರೀ ಪಾಠ ಹೇಳಿ ಬಿಡಲಿಲ್ಲ. ಅಂಕಿ ಕಟ್ಟುವ ಕೆಲಸವನ್ನೇ ಅವರ ಕೈಗೆ ಕೊಟ್ಟರು.

ನಮ್ಮಲ್ಲಿ ಎಚ್ಚರ ಬೇಕಾದದ್ದು ಇಲ್ಲೇ. ಕೊರಗರನ್ನು ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಅಂಥ ಊರಿನಲ್ಲಿ ಮೇಷ್ಟ್ರು ಒಂದು ಮಗುವನ್ನು ಎಬ್ಬಿಸಿ ‘ನಿಮ್ಮವರು ಬುಟ್ಟಿ ಹೆಣೀತಾರಲ್ಲ, ನೀನೇ ಹೇಳು’ ಅಂದರೆ ಮಗು ಕುಗ್ಗಿಹೋಗುತ್ತದೆ, ಅಷ್ಟೇ. ಅದರ ಮನೆಯಲ್ಲಿ ಯಾರೂ ಹೆಣೆಯದೇ ಇರಬಹುದು. ಪ್ಲಾಸ್ಟಿಕ್ ಬಂದ ಮೇಲೆ ಎಷ್ಟೋ ಜನ ಬೇರೆ ಕೆಲಸ ಹಿಡಿದಿದ್ದಾರೆ. ಆ ಮಗುವಿಗೆ ಕ್ರಿಕೆಟ್ ಸ್ಕೋರಿನ ಲೆಕ್ಕವೇ ಜಾಸ್ತಿ ಹತ್ತಿರವೂ ಇರಬಹುದು.

ಬುಟ್ಟಿಯ ಲೆಕ್ಕ ಇಡೀ ತರಗತಿಯ ಲೆಕ್ಕವಾಗಲಿ. ಹೆಣೆಯಲು ಬಲ್ಲ ಹಿರಿಯರೊಬ್ಬರನ್ನು ಸಂಭಾವನೆ ಕೊಟ್ಟು, ಕುರ್ಚಿ ಹಾಕಿ ಕರೆಸಲಿ. ಎಲ್ಲ ಮಕ್ಕಳ ಕೈಗೂ ತೆಂಗಿನ ಗರಿಯ ಕಡ್ಡಿ ಸಿಗಲಿ. ಸಮ–ಬೆಸ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬಹುದು: ಎರಡು ಕಡ್ಡಿಯ ಹೊರಗೆ, ಎರಡರ ಒಳಗೆ ಎಂದು ಹಾಯಿಸಿದರೆ? 16ರಲ್ಲಿ ಮತ್ತೆ ಅದೇ ನಕಲು. 17ರಲ್ಲಿ ಪ್ರತಿ ಸುತ್ತೂ ಒಂದು ಕಡ್ಡಿಯಷ್ಟು ಸರಿದು ಓರೆ ಪಟ್ಟೆ ಮೂಡುತ್ತದೆ. 15ರಲ್ಲೂ ಓರೆ ಪಟ್ಟೆಯೇ, ಆದರೆ ವಾಲುವುದು ಆಚೆ ಕಡೆಗೆ. ಯಾಕೆ ಅಂತ ಸುಮ್ನೆ ಹೇಳಿಬಿಡಬಾರದು, 4ರಿಂದ ಭಾಗಿಸಿ ಮಕ್ಕಳೇ ಹುಡುಕಲಿ.