ಫ್ರೆಂಡ್ ಮನೆ ಫಂಕ್ಷನ್, ನಿಮ್ಮ ಕ್ಯಾಮೆರಾ: ಎಷ್ಟು ಕೇಳಬೇಕು?

ಕ್ಯಾಮೆರಾ ಕೊಂಡು ಒಂದೆರಡು ವರ್ಷ ಆಗಿರುತ್ತದೆ. ಸೋಮವಾರದಿಂದ ಶುಕ್ರವಾರ ಬೇರೆ ಕೆಲಸ, ಭಾನುವಾರ ಫೋಟೋ. ಇನ್‌ಸ್ಟಾಗ್ರಾಮ್‌ಗೆ ಹಾಕಿದ ಚಿತ್ರ ನೋಡಿ ಗೆಳೆಯ ಫೋನ್ ಮಾಡುತ್ತಾನೆ. "ಮಗಾ, ಪಾಪುದು ನಾಮಕರಣ ಇದೆ. ಕ್ಯಾಮೆರಾ ತಗೊಂಡ್ ಬಾರೋ. ಏನಿದ್ರೂ ಕೊಡ್ತೀನಿ." ಈ "ಏನಿದ್ರೂ ಕೊಡ್ತೀನಿ" ಇದೆಯಲ್ಲ, ಆಮೇಲಿನ ಮುನಿಸೆಲ್ಲ ಹುಟ್ಟುವುದು ಅಲ್ಲೇ.

ನಾನು ಮದುವೆ, ಗೃಹಪ್ರವೇಶದ ಫೋಟೋ ತೆಗೆದು ಬದುಕುವವನು. ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಬರುವ ಹವ್ಯಾಸಿಗಳು ಹೆಚ್ಚಾಗಿ ಕೇಳುವುದು ಲೆನ್ಸಿನ ಬಗ್ಗೆ ಅಲ್ಲ. "ಅಣ್ಣಾ, ಫ್ರೆಂಡ್ ಹತ್ರ ಎಷ್ಟು ಇಸ್ಕೊಳ್ಳಲಿ?" ಅಂತ ಕೇಳುತ್ತಾರೆ. ನನ್ನ ಉತ್ತರ ಎಲ್ಲರಿಗೂ ಹಿಡಿಸುವುದಿಲ್ಲ. ಲೆಕ್ಕ ಹಾಕಿ ಪೂರ್ತಿ ರೇಟು ತಗೊಳ್ಳಿ, ಇಲ್ಲವಾದರೆ ಪೂರ್ತಿ ಪುಕ್ಕಟೆ ಮಾಡಿಕೊಡಿ. ನಡುವೆ ಅರ್ಧ ರೇಟು ಅನ್ನುವ ದಾರಿಗೆ ಹೋಗಬೇಡಿ.

ರೇಟಿಗಿಂತ ಮೊದಲು ಇನ್ನೊಂದು ವಿಷಯ ಕೇಳಿಕೊಳ್ಳಿ. ಅಲ್ಲಿ ಬೇರೆ ಫೋಟೋಗ್ರಾಫರ್ ಇದ್ದಾರಾ? ಇದ್ದರೆ ನೀವು ಕ್ಯಾಮೆರಾ ಹಿಡಿದ ನೆಂಟರು, ಅಷ್ಟೇ. ಮನಸ್ಸಿಗೆ ಬಂದದ್ದು ತೆಗೆಯಿರಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ, ಆಮೇಲೆ ಚೆನ್ನಾಗಿ ಬಂದ ಇಪ್ಪತ್ತು ಫೋಟೋ ಕಳಿಸಿ. ದುಡ್ಡಿನ ಮಾತೇ ಬೇಡ. ಬೇರೆ ಯಾರೂ ಇಲ್ಲ, ಎಲ್ಲ ನಿಮ್ಮ ಮೇಲೇ ಅಂದರೆ ಅದು ಕೆಲಸ. ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ನೀವು ತೊಟ್ಟಿಲ ಪಕ್ಕದಲ್ಲೇ ಇರಬೇಕು. ಗೆಳೆಯರ ಗುಂಪು ಹೊರಗೆ ಹರಟೆ ಹೊಡೆಯುವಾಗ ನೀವು ಒಳಗಿರಬೇಕು. ಊಟ ಕೊನೇ ಪಂಕ್ತಿಗೆ. ಹೋಳಿಗೆ ಖಾಲಿಯಾಗಿರುವುದೂ ಉಂಟು.

ಮದುವೆಯ ವಿಷಯ ಬೇರೆಯೇ. ಎಷ್ಟೇ ದುಡ್ಡು ಕೊಡುತ್ತೇನೆ ಅಂದರೂ, ಅಥವಾ ಎಷ್ಟೇ ಹತ್ತಿರದ ಗೆಳೆಯನಾದರೂ, ಒಂದೇ ಕ್ಯಾಮೆರಾ ಹಿಡಿದು ಮದುವೆಯನ್ನು ಒಬ್ಬರೇ ಒಪ್ಪಿಕೊಳ್ಳಬೇಡಿ. ಶುರುವಿನ ಹಂತದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ ಮೆಮೊರಿ ಕಾರ್ಡ್ ಹಾಕಲು ಜಾಗ ಇರುತ್ತದೆ. ಆ ಕಾರ್ಡ್ ಕೈಕೊಟ್ಟರೆ ಧಾರೆಯೂ ಹೋಯಿತು, ಮಾಂಗಲ್ಯಧಾರಣೆಯೂ ಹೋಯಿತು. ಅದನ್ನು ಇನ್ನೊಮ್ಮೆ ಮಾಡಿಸಲು ಆಗುತ್ತದಾ? ನಾವು ಎರಡು ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಇಬ್ಬರು ಮೂವರು ಜನ ಅಂತ ಹೋಗುವುದು ದೊಡ್ಡಸ್ತಿಕೆ ತೋರಿಸಲು ಅಲ್ಲ. ಹೆದರಿಕೆಗೆ.

ಇನ್ನು ಲೆಕ್ಕ. ಮುಂದೆ ಹೇಳುವ ಅಂಕಿಗಳು ಉದಾಹರಣೆಗೆ ಮಾತ್ರ. ಅದು ಯಾವ ಊರಿನ ರೇಟೂ ಅಲ್ಲ, ಲೆಕ್ಕ ಹಾಕುವ ಕ್ರಮ ನೋಡಿಕೊಂಡರೆ ಸಾಕು.

ನಾಮಕರಣ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ. ಹೋಗಿ ಬರಲು ಒಂದು ಗಂಟೆ. ಗೆಳೆಯನ ಕಣ್ಣಿಗೆ ಕಾಣುವುದು ಈ 5 ಗಂಟೆ ಮಾತ್ರ. ಕಾಣದೇ ಇರುವುದು ಆಮೇಲಿನದು. 800 ಫೋಟೋ ತೆಗೆದಿರುತ್ತೀರಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಒಂದೊಂದೂ ಹೆಚ್ಚುಕಡಿಮೆ 25 ಎಂಬಿ, ಅಂದರೆ ಒಟ್ಟು 20 ಜಿಬಿ. ಎರಡು ಕಡೆ ಕಾಪಿ ಇಡಬೇಕು. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಯಾರದೋ ಮೊಣಕೈ ಅಡ್ಡ ಬಂದದ್ದು ತೆಗೆದುಹಾಕಿ 150 ಆರಿಸಲು ಎರಡು ಗಂಟೆ. ಒಂದೊಂದಕ್ಕೆ ಎರಡೂವರೆ ನಿಮಿಷ ಎಡಿಟಿಂಗ್ ಅಂದರೂ ಆರು ಗಂಟೆ ದಾಟುತ್ತದೆ. ಮನೆಯೊಳಗೆ ಒಂದು ಕಡೆ ಟ್ಯೂಬ್‌ಲೈಟ್, ಇನ್ನೊಂದು ಕಡೆ ಕಿಟಕಿ ಬೆಳಕು, ಮೇಲೆ ಹಳದಿ ಬಲ್ಬು ಇದ್ದರೆ ಮುಖದ ಬಣ್ಣ ಸರಿಮಾಡುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಕಾಪಿ, ಅಪ್‌ಲೋಡ್, ಲಿಂಕ್ ಕಳಿಸುವುದು ಎಲ್ಲ ಸೇರಿ ಇನ್ನೊಂದು ಗಂಟೆ. ಒಟ್ಟು 14 ಗಂಟೆ.

ಗಂಟೆಗೆ ಎಷ್ಟು ಅನ್ನುವುದನ್ನು ನೀವೇ ಇಟ್ಟುಕೊಳ್ಳಬೇಕು. ಆಫೀಸಿನ ಸಂಬಳವನ್ನು ಗಂಟೆಗೆ ಭಾಗಿಸಿ ತರಬೇಡಿ. ಅಲ್ಲಿ ನಿಮಗಿರುವ ಅನುಭವ ಇಲ್ಲಿ ಇನ್ನೂ ಇಲ್ಲ. 200 ರೂಪಾಯಿ ಅಂತ ಇಟ್ಟುಕೊಳ್ಳೋಣ, 2,800 ಆಯಿತು. ಕ್ಯಾಮೆರಾ, ಲೆನ್ಸ್, ಫ್ಲಾಶ್ ಸೇರಿ ಒಂದೂವರೆ ಲಕ್ಷ ಹಾಕಿದ್ದೀರಿ. ಐದು ವರ್ಷ ಬಿಟ್ಟು ಮಾರಿದರೆ 50,000 ಬರಬಹುದು. ಸವೆದದ್ದು ಒಂದು ಲಕ್ಷ. ವರ್ಷಕ್ಕೆ ಇಂಥ 20 ಕೆಲಸದಂತೆ ಐದು ವರ್ಷಕ್ಕೆ 100 ಕೆಲಸ, ಒಂದಕ್ಕೆ 1,000. ಪೆಟ್ರೋಲ್, ಬ್ಯಾಟರಿ, ಕಾರ್ಡ್, ಹಾರ್ಡ್‌ಡಿಸ್ಕ್ ಅಂತ ಇನ್ನೊಂದು 800. ಒಟ್ಟು 4,600. "ನಾಲ್ಕು ಗಂಟೆಗೆ 4,600ಆ?" ಅಂತ ಗೆಳೆಯ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. 14 ಗಂಟೆ ಅಂತ ಅವನಿಗೆ ಯಾರು ಹೇಳಿದ್ದಾರೆ?

ಈ ಮೊತ್ತ ಊರಿನ ಸ್ಟುಡಿಯೋ ರೇಟಿಗಿಂತ ಕಡಿಮೆ ಇದ್ದರೆ ಇರಲಿ. ನಿಮ್ಮ ಹತ್ತಿರ ಎರಡನೇ ಬಾಡಿ ಇಲ್ಲ. ಜ್ವರ ಬಂದರೆ ಬದಲಿಗೆ ಕಳಿಸಲು ಜನ ಇಲ್ಲ. ಕಡಿಮೆ ಇರಬೇಕಾದದ್ದು ಆ ಕಾರಣಕ್ಕೆ, ಗೆಳೆತನದ ಕಾರಣಕ್ಕಲ್ಲ. ಹವ್ಯಾಸಿಗಳಿಂದ ನಮ್ಮ ಹೊಟ್ಟೆಗೆ ಹೊಡೆತ ಅಂತ ನನ್ನ ಜೊತೆಯವರು ಕೆಲವರು ಗೊಣಗುತ್ತಾರೆ. ನನಗೇನೂ ಹಾಗೆ ಅನ್ನಿಸಿಲ್ಲ. ನಾಮಕರಣ, ಹುಟ್ಟುಹಬ್ಬಗಳನ್ನು ನಮ್ಮ ಕೈಯಿಂದ ಕಿತ್ತುಕೊಂಡದ್ದು ಮೊಬೈಲು.

ಅರ್ಧ ರೇಟು ಯಾಕೆ ಬೇಡ ಅಂದೆನಲ್ಲ, ಅದನ್ನು ಹೇಳುತ್ತೇನೆ. 4,600ರ ಕೆಲಸಕ್ಕೆ 2,000 ಇಸ್ಕೊಂಡಿರಿ ಅಂತಿಟ್ಟುಕೊಳ್ಳಿ. ಗೆಳೆಯನ ಲೆಕ್ಕದಲ್ಲಿ ಅವನು ದುಡ್ಡು ಕೊಟ್ಟಿದ್ದಾನೆ. ನಿಮ್ಮ ಲೆಕ್ಕದಲ್ಲಿ ನೀವು ಉಪಕಾರ ಮಾಡಿದ್ದೀರಿ. ಇಬ್ಬರಿಗೂ ಇನ್ನೊಬ್ಬ ತನಗೆ ಋಣಿ ಅನ್ನುವ ಭಾವನೆ. ಅವನು ಹತ್ತನೇ ದಿನ "ಫೋಟೋ ಎಲ್ಲಿ?" ಅಂತಾನೆ. ದುಡ್ಡು ಕೊಟ್ಟವನು ಕೇಳಲೇಬೇಕಲ್ಲ. ನೀವು "ಎರಡು ಸಾವಿರಕ್ಕೆ ಇಷ್ಟು ಅವಸರವಾ" ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತೀರಿ. ಪೂರ್ತಿ ದುಡ್ಡು ಕೊಟ್ಟವನು ಕೇಳಿದರೆ ನಿಮಗೆ ಸಿಟ್ಟು ಬರುವುದಿಲ್ಲ. ಪುಕ್ಕಟೆ ಪಡೆದವನು ಅಷ್ಟು ಜೋರಾಗಿ ಕೇಳುವುದೂ ಇಲ್ಲ.

ಇನ್ನೊಂದು ತೊಂದರೆ ಇದೆ. ಆ 2,000 ಅನ್ನುವುದು ಕಾಲೇಜ್ ಗ್ರೂಪಿನಲ್ಲಿ ನಿಮ್ಮ ರೇಟಾಗಿಬಿಡುತ್ತದೆ. ಮುಂದಿನ ತಿಂಗಳು ಗೆಳೆಯನ ಬಾಮೈದ ಫೋನ್ ಮಾಡಿ ಸೀಮಂತಕ್ಕೆ ಕರೆಯುತ್ತಾನೆ. "ಭಾವ ಹೇಳಿದ್ರು ಎರಡು ಸಾವಿರ ಅಂತ." ಅವನ ಮುಖ ನೀವು ನೋಡಿರುವುದಿಲ್ಲ.

ಹಾಗಾದರೆ ತೀರಾ ಹತ್ತಿರದವರಿಗೆ ಏನು ಮಾಡುವುದು? ನಮ್ಮಲ್ಲಿ ಮುಯ್ಯಿ ಅನ್ನುವ ಒಳ್ಳೆಯ ಪದ್ಧತಿ ಇದ್ದೇ ಇದೆ. ಮದುವೆ ಮನೆಯಲ್ಲಿ ಯಾರು ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ಹೋದಾಗ ತಿರುಗಿ ಹಾಕುವುದು. ಫೋಟೋವನ್ನೂ ಹಾಗೇ ಹಾಕಿ. "ಕವರ್ ಬದಲು ಫೋಟೋ ನನ್ನ ಮುಯ್ಯಿ" ಅಂತ ಮೊದಲೇ, ಅವನ ಹೆಂಡತಿಯ ಎದುರೇ ಹೇಳಿಬಿಡಿ. ಇದು 4,600ರ ಮುಯ್ಯಿ ಅಂತ ನಿಮಗೆ ಗೊತ್ತಿರಲಿ. ಅಷ್ಟು ಹಾಕುವ ಸಂಬಂಧವಾ ಅಂತ ಆಗ ನಿಮಗೇ ತಿಳಿಯುತ್ತದೆ. ಒಡಹುಟ್ಟಿದವರಿಗೆ, ಕಷ್ಟಕ್ಕೆ ನಿಂತ ಗೆಳೆಯರಿಗೆ ಹಾಕದೆ ಇನ್ಯಾರಿಗೆ ಹಾಕುತ್ತೀರಿ? ಆಫೀಸಿನಲ್ಲಿ ಪಕ್ಕದ ಸೀಟಿನವರಿಗೆ 500 ರೂಪಾಯಿ ಕವರ್ ಹಾಕುವವರು ಫೋಟೋ ಅಂದ ತಕ್ಷಣ ಯಾಕೆ ಸಾವಿರಗಟ್ಟಲೆ ಹಾಕುತ್ತೀರೋ ನನಗೆ ಅರ್ಥವಾಗಿಲ್ಲ. ಪುಕ್ಕಟೆ ಅಂತ ಕೆಲಸಕ್ಕೆ ಮಿತಿ ಇಲ್ಲ ಅಂತಲೂ ಅಲ್ಲ. ನಾಲ್ಕು ಗಂಟೆ, ನೂರು ಫೋಟೋ, ವಿಡಿಯೋ ಇಲ್ಲ. ಇಷ್ಟನ್ನು ಹೇಳಬೇಕು.

ಆಲ್ಬಂ ವಿಷಯಕ್ಕೆ ಕೈ ಹಾಕಬೇಡಿ. 12x36 ಇಂಚಿನ ಶೀಟಿಗೆ ಇಷ್ಟು, ಆಲ್ಬಂನ ಹೊರರಟ್ಟಿಗೆ ಇಷ್ಟು ಅಂತ ಪ್ರಿಂಟ್ ಹಾಕುವ ಲ್ಯಾಬ್ ಹೇಳುತ್ತದೆ. ಅದನ್ನು ಗೆಳೆಯ ನೇರವಾಗಿ ಲ್ಯಾಬಿಗೇ ಕಟ್ಟಲಿ. ನಿಮ್ಮ ಕೈಯಿಂದ ಹಾದು ಹೋದರೆ "ಆಲ್ಬಂನಲ್ಲಿ ಎಷ್ಟು ಉಳಿಸಿಕೊಂಡ" ಅನ್ನುವ ಮಾತು ಬಂದೇ ಬರುತ್ತದೆ. ರಾ ಫೈಲ್ ಕೊಡುತ್ತೀರೋ ಇಲ್ಲವೋ ಅನ್ನುವುದನ್ನೂ ಮುಂಚೆಯೇ ಹೇಳಿ. ನಾನಂತೂ ಕೊಡುವುದಿಲ್ಲ.

ಕಾನೂನಿನ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ಥರ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಏನೂ ತಗೊಳ್ಳದೆ ಸ್ನೇಹಕ್ಕೆ ತೆಗೆದುಕೊಟ್ಟರೆ ಹಕ್ಕು ಸಾಮಾನ್ಯವಾಗಿ ನಿಮ್ಮದೇ. ಆದ್ದರಿಂದ ದುಡ್ಡು ತಗೊಂಡ ಫೋಟೋವನ್ನು ನಿಮ್ಮ ಇನ್‌ಸ್ಟಾಗ್ರಾಮ್ ಪೇಜಿಗೆ ಹಾಕಬೇಕು ಅನ್ನಿಸಿದರೆ ಮೊದಲೇ ಕೇಳಿ, ಮೆಸೇಜಿನಲ್ಲಿ ಒಪ್ಪಿಗೆ ಇರಲಿ. ಪುಕ್ಕಟೆ ತೆಗೆದದ್ದಾದರೂ ಮಗುವಿನ ಫೋಟೋ ಅಂದರೆ ಕೇಳದೆ ಹಾಕಬಾರದು. ಅದಕ್ಕೆ ಕಾಯ್ದೆ ಬೇಕಿಲ್ಲ.

ತೆರಿಗೆಗೆ ತಲೆ ಕೆಡಿಸಿಕೊಳ್ಳುವಷ್ಟೇನಿಲ್ಲ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ಆದರೆ ಬಂದ ದುಡ್ಡನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಸರ್ಕಾರಿ ನೌಕರಿಯಲ್ಲಿ ಇರುವವರು ದುಡ್ಡು ಇಸ್ಕೊಳ್ಳುವ ಮೊದಲು ನಡತೆ ನಿಯಮ ನೋಡಿಕೊಳ್ಳಿ.

ದುಡ್ಡಿನ ಮಾತನ್ನು ಫೋನಿನಲ್ಲಿ ಆಡಲು ಮುಜುಗರ ಅನ್ನುವವರೇ ಜಾಸ್ತಿ. ವಾಟ್ಸ್ಯಾಪ್‌ನಲ್ಲಿ ಬರೆದುಬಿಡಿ, ಮುಜುಗರವೂ ಇಲ್ಲ, ಆಮೇಲೆ ಮರೆತೆ ಅನ್ನುವ ಹಾಗೂ ಇಲ್ಲ. ನಾನು ಹುಡುಗರಿಗೆ ಬರೆದುಕೊಡುವುದು ಹೀಗೆ: "ಭಾನುವಾರ 10ರಿಂದ 2ರವರೆಗೆ ಇರ್ತೀನಿ. ಎಡಿಟ್ ಮಾಡಿದ 150 ಫೋಟೋ, ಮೂರು ವಾರದೊಳಗೆ ಲಿಂಕ್ ಕಳಿಸ್ತೀನಿ. 4,600 ಆಗತ್ತೆ. ಸಾವಿರ ಈಗ ಹಾಕು, ಡೇಟ್ ಬ್ಲಾಕ್ ಮಾಡ್ಕೊಳ್ತೀನಿ. ಆಲ್ಬಂ ಬೇಕಿದ್ರೆ ಲ್ಯಾಬ್ ನಂಬರ್ ಕೊಡ್ತೀನಿ, ಅದರ ದುಡ್ಡು ಅವರಿಗೇ." ಇದರಲ್ಲಿ "ಬೇಜಾರು ಮಾಡ್ಕೋಬೇಡ", "ನಿನಗೆ ಅಂತ" ಅನ್ನುವ ಮಾತುಗಳನ್ನು ಸೇರಿಸಬೇಡಿ. ಸೇರಿಸಿದರೆ ಚೌಕಾಸಿಗೆ ಕರೆದ ಹಾಗೆ.

"ಸ್ವಲ್ಪ ಕಮ್ಮಿ ಮಾಡ್ಕೋ ಮಗಾ" ಅಂತ ಬಂದೇ ಬರುತ್ತದೆ. ಆಗ ರೇಟು ಇಳಿಸಬೇಡಿ, ಕೆಲಸ ಇಳಿಸಿ. ಎರಡು ಗಂಟೆ ಬರುತ್ತೇನೆ, ತೊಟ್ಟಿಲಿಗೆ ಹಾಕುವ ಶಾಸ್ತ್ರ ಮತ್ತು ಮನೆಯವರ ಗ್ರೂಪ್ ಫೋಟೋ ಮಾತ್ರ, 60 ಚಿತ್ರ, 2,800 ಅನ್ನಿ. ಅದಕ್ಕೂ ಆಗಲ್ಲ ಅಂದರೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು, ಕವರ್ ಹಿಡಿದು ಹೋಗಿ ಊಟ ಮಾಡಿಕೊಂಡು ಬನ್ನಿ.